ಶಾಲಿನೊಳಗಿನ ಕೈ

“ಆ ಚಮಚ ಮೊದಲು ಕೆಳಗಿಡಿ!”

ಬಾಗಿಲು ತೆರೆದೇ ಇತ್ತು. ಊಟದ ಮೇಜಿನ ಬಳಿ ಗಡ್ಡ ಬಿಟ್ಟ ಯುವಕನೊಬ್ಬ ತನ್ನ ತಾಯಿಗೆ ಸೂಪು ಕುಡಿಸುತ್ತಿದ್ದ. ಹೊಸ್ತಿಲಲ್ಲಿ ನಿಂತು ಹಾಗೆ ಗದರಿದವಳು ಕ್ಲಿನಿಕ್ಕಿನಿಂದ ಅಂದೇ ಮೊದಲ ಸಲ ಬಂದಿದ್ದ ಫಿಸಿಯೋಥೆರಪಿಸ್ಟ್.

ಅವನು ತಿರುಗಿ ನೋಡಿದ.

“ಯಾರ್ರೀ ನೀವು? ಒಳಗೆ ಕಾಲಿಡೋಕೆ ಮುಂಚೆನೇ ಅಪ್ಪಣೆನಾ?”

“ನಿಮ್ಮ ತಾಯಿ ಕೈ ನೋಡೋಕೆ ಬಂದವಳು. ನೀವು ಹೀಗೆ ಕುಡಿಸ್ತಾ ಇದ್ರೆ ಆ ಕೈ ಯಾವತ್ತೂ ಏಳಲ್ಲ. ಚಮಚ ಅವರಿಗೇ ಕೊಡಿ.”

“ಚೆಲ್ಲಿಕೊಳ್ತಾರೆ!”

“ಚೆಲ್ಲಲಿ. ಒರೆಸೋಕೆ ಬಟ್ಟೆ ಇಲ್ವಾ ಮನೇಲಿ?”

ಇಬ್ಬರ ಕಣ್ಣೂ ಕೂಡಿದವು. ಅವನ ಕಣ್ಣಲ್ಲಿ ಸಿಟ್ಟಿತ್ತು, ನಿದ್ದೆಗೆಟ್ಟ ಕೆಂಪಿತ್ತು... ಎಲ್ಲದರ ಹಿಂದೆ ಭಯವಿತ್ತು. ಅಮ್ಮನನ್ನು ಇನ್ನಷ್ಟು ಕಳೆದುಕೊಳ್ಳುವ ಭಯ!

ತಾಯಿ ಮಾತ್ರ ಸೊಟ್ಟಗಾದ ತುಟಿಯಲ್ಲೇ ನಕ್ಕರು. “ಕೊಡೋ... ಅಷ್ಟು ಹೇಳ್ತಿದ್ದಾಳೆ.”

ಅರ್ಧ ಸೂಪು ಎದೆಯ ಮೇಲೆ ಚೆಲ್ಲಿತು. ಆದರೆ ಒಂದು ಚಮಚ, ಒಂದೇ ಒಂದು ಚಮಚ, ನಡುಗುತ್ತ ನಡುಗುತ್ತ ಬಾಯಿ ಸೇರಿತು. ಮಗ ಥಟ್ಟನೆ ಕಿಟಕಿಯ ಕಡೆ ತಿರುಗಿ ನಿಂತ. ಅವನ ಭುಜ ಅಲುಗುತ್ತಿದ್ದುದು ಅವಳಿಗೆ ಕಾಣಿಸಿತು. ಕಂಡೂ ಕಾಣದವಳಂತೆ ಬಟ್ಟೆ ಹುಡುಕಲು ಅಡುಗೆಮನೆಗೆ ಹೋದಳು.

ಪಾರ್ಶ್ವವಾಯು ಹೊಡೆದು ತಾಯಿಯ ಬಲಗೈ ಸೋತುಹೋಗಿತ್ತು. ಮುಷ್ಟಿ ಕಟ್ಟಿಕೊಂಡ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅವಕ್ಕೆ ಮತ್ತೆ ಬದುಕು ಕಲಿಸುವುದು ಅವಳ ಕೆಲಸ. “ಬೆರಳು ಅಮ್ಮಾ, ಬೆರಳು... ಹೆಬ್ಬೆರಳು ಎಲ್ಲಿ ಹೋಯ್ತು? ಕರೀರಿ ಅದನ್ನ!” ದಿನಾ ಇದೇ ರಾಗ. ಕೇಳೀ ಕೇಳೀ ಆ ತಾಯಿ ಅವಳಿಗೆ ‘ಬೆರಳಮ್ಮ’ ಎಂದೇ ಹೆಸರಿಟ್ಟುಬಿಟ್ಟರು.

ಮಗ ಚಿತ್ರಗಾರ. ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವವನು. ಅಮ್ಮನಿಗೆ ಹೀಗಾದ ಮೇಲೆ ಕೆಲಸವನ್ನೆಲ್ಲ ಮನೆಗೇ ತಂದುಕೊಂಡಿದ್ದ. ಊಟದ ಮೇಜಿನ ಒಂದು ತುದಿಯಲ್ಲಿ ಅವನ ಲ್ಯಾಪ್‌ಟಾಪು. ಇನ್ನೊಂದು ತುದಿಯಲ್ಲಿ ಅಮ್ಮನ ಕಸರತ್ತು. ಬಟ್ಟೆಗೆ ಹಾಕುವ ಕ್ಲಿಪ್ಪುಗಳನ್ನು ಬೆರಳಲ್ಲಿ ಚಿವುಟಿ ಹಿಡಿದು ಡಬ್ಬಿಯ ಅಂಚಿಗೆ ಸಿಕ್ಕಿಸಬೇಕು. ನೋಡಿದವರಿಗೆ ಮಕ್ಕಳಾಟ, ಅಮ್ಮನಿಗೆ ಬೆಟ್ಟ ಹತ್ತಿದಷ್ಟು ಆಯಾಸ.

ಮೊದಮೊದಲು ಅವನು ಲ್ಯಾಪ್‌ಟಾಪಿನ ಮೇಲಿಂದ ಪೊಲೀಸಿನವನ ಹಾಗೆ ಇಣುಕುತ್ತಿದ್ದ. ಕ್ರಮೇಣ ಇಣುಕುವುದು ಅಮ್ಮನಿಗಾಗಿಯೋ ಬೆರಳಮ್ಮನಿಗಾಗಿಯೋ ಎಂಬುದು ಅವನಿಗೇ ತಿಳಿಯದಾಯಿತು!

ಒಂದು ದಿನ ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದ. ಪರದೆಯ ಮೇಲೆ ದೊಡ್ಡ ಕರಡಿಯೊಂದು ಪೆಚ್ಚುಮೋರೆ ಹಾಕಿಕೊಂಡು ಬೆರಳು ಎಣಿಸುತ್ತಿದೆ. ಎದುರಿಗೆ ಸೊಂಟಕ್ಕೆ ಕೈಕೊಟ್ಟು ನಿಂತ ಪುಟ್ಟ ಅಳಿಲು.

“ಈ ಅಳಿಲು ಯಾರು?” ಅವಳು ಹುಬ್ಬೇರಿಸಿದಳು.

“ಯಾರೋಪ್ಪ... ಬಂದ ತಕ್ಷಣ ಎಲ್ಲರಿಗೂ ಜೋರು ಮಾಡುತ್ತೆ. ಅದು ಬರದಿದ್ದ ದಿನ ಕಾಡಿಗೆ ಕಾಡೇ ಬೇಜಾರಲ್ಲಿರುತ್ತೆ.”

ಅವಳ ಕೆನ್ನೆ ಬಿಸಿಯಾಯಿತು. ಅಮ್ಮ ಕ್ಲಿಪ್ಪು ಚಿವುಟುವುದನ್ನು ಬಿಟ್ಟು ಇಬ್ಬರ ಮುಖವನ್ನೂ ನೋಡಿ ನಕ್ಕರು. “ಬೆರಳು, ಅಮ್ಮಾ, ಬೆರಳು!” ಎಂದು ಅವಳು ಸುಮ್ಮನೆ ಗದರಿದಳು.

ಆ ವಾರವೇ ಅವನು ಬಾಗಿಲ ತನಕ ಬಂದು ಹೇಳಿದ್ದ: “ಒಂದು ಮಾತು ಹೇಳ್ಲಾ? ಅಮ್ಮನ್ನ ನಿಮ್ಮ ಹತ್ರ ಬಿಟ್ಟು ಹೊರಗೆ ಹೋದಾಗ ಮಾತ್ರ ನಾನು ರಸ್ತೇಲಿ ಓಡದೆ ನಡೀತೀನಿ. ಅಷ್ಟು ನಂಬಿಕೆ.”

ಅಷ್ಟು ನಂಬಿಕೆ... ಮನೆ ತಲುಪುವವರೆಗೂ ಅವಳು ಆ ಮಾತನ್ನು ಎದೆಯಲ್ಲಿ ಬಚ್ಚಿಟ್ಟುಕೊಂಡು ನಡೆದಳು.

ಅದು ಒಡೆದದ್ದು ಒಂದು ಮಧ್ಯಾಹ್ನ.

ಚಿತ್ರಗಾರ ಔಷಧಿ ತರಲು ಹೋಗಿದ್ದ. ಅಮ್ಮ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ತೂಕಡಿಸುತ್ತಿದ್ದರು. ಅವಳು ಹೊಸ ಕಸರತ್ತಿಗೆಂದು ಬಿಸಿನೀರಿನ ಬೋಗುಣಿ ಹಿಡಿದು ಮೇಜಿನ ಬಳಿ ಬಂದಳು. ಲ್ಯಾಪ್‌ಟಾಪು ಬಾಯಿ ತೆರೆದುಕೊಂಡು ಜಾಗವೆಲ್ಲ ಹಿಡಿದಿತ್ತು. ಒಂದು ಕೈಯಲ್ಲಿ ಬೋಗುಣಿ, ಇನ್ನೊಂದು ಕೈಯಿಂದ ಅದರ ಮುಚ್ಚಳ ಮುಚ್ಚಲು ಹೋದಳು. ಅದು ಅರ್ಧಕ್ಕೇ ತಡೆಯಿತು. ಬಿಗಿಯಾಗಿರಬೇಕು ಎಂದುಕೊಂಡು ಅಂಗೈ ಊರಿ ಒತ್ತಿದಳು.

ಟಕ್!

ಬೋಗುಣಿ ಕೆಳಗಿಟ್ಟು ತೆರೆದು ನೋಡಿದಳು. ಕೀಲಿಗಳ ಮೇಲೆ ಒಂದು ಕ್ಲಿಪ್ಪು ಬಿದ್ದಿತ್ತು. ಅದು ತಗುಲಿದ ಜಾಗದಿಂದ ಪರದೆಯ ಉದ್ದಗಲಕ್ಕೂ ಬಿರುಕು! ಕರಡಿಯ ಮುಖದ ಮೇಲೆ ಕಪ್ಪು ಮಸಿ ಮೆಲ್ಲಗೆ ಹರಡುತ್ತಿತ್ತು.

‘ಅಯ್ಯೋ... ಏನು ಮಾಡಿಬಿಟ್ಟೆ!’

ಮುಚ್ಚಳ ಮುಚ್ಚಿದಳು. ಕ್ಲಿಪ್ಪನ್ನು ಡಬ್ಬಿಗೆ ಹಾಕಿದಳು. ಅಮ್ಮ ಇನ್ನೂ ತೂಕಡಿಸುತ್ತಲೇ ಇದ್ದರು. ‘ಬಂದ ತಕ್ಷಣ ಹೇಳಿಬಿಡ್ತೀನಿ. ಒಡೆದುಬಿಟ್ಟೆ, ಕ್ಷಮಿಸಿ... ಅಷ್ಟೇ ತಾನೇ?’

ಅವನು ಬಂದ. ನಗುತ್ತ ಬಂದ. “ನೋಡಿ, ಇವತ್ತೂ ನಡ್ಕೊಂಡೇ ಬಂದೆ!” ಎಂದ.

ಅವಳ ಬಾಯಿ ತೆರೆಯಿತು. ಮಾತು ಮಾತ್ರ ಹೊರಡಲಿಲ್ಲ.

ಅವನು ಲ್ಯಾಪ್‌ಟಾಪು ತೆರೆದ. ನಗು ಹಾಗೆಯೇ ಮುಖದ ಮೇಲೆ ಒಣಗಿತು. “ಇದು... ಇದೇನಿದು? ಯಾರು...?”

ಅಮ್ಮ ಬೆಚ್ಚಿ ಎಚ್ಚೆತ್ತರು. ಮಗನ ಮುಖ ನೋಡಿದರು, ಪರದೆ ನೋಡಿದರು, ಆಮೇಲೆ ತಮ್ಮ ಬಲಗೈ ನೋಡಿಕೊಂಡರು.

“ನಾನೇ ಇರಬೇಕು ಕಣೋ... ನೀನು ಹೊರಟ ಮೇಲೆ ಕ್ಲಿಪ್ಪು ಹಿಡ್ಕೊಂಡು ಆ ಕಡೆ ಬಂದಿದ್ದೆ. ಎಲ್ಲಿ ಬಿತ್ತೋ, ಎಲ್ಲಿ ಬಡೀತೋ... ಈ ಕೈಗೆ ಗೊತ್ತೇ ಆಗಲ್ಲವಲ್ಲ.”

ಈಗ ಹೇಳಬೇಕು. ಈಗಲೇ! ‘ಕ್ಲಿಪ್ಪು ಬೀಳಿಸಿದ್ದು ಅವರೇ ಇರಬಹುದು... ಆದರೆ ಒತ್ತಿದ್ದು? ಒತ್ತಿದ್ದು ನನ್ನ ಕೈ!’

“ಹೋಗ್ಲಿ ಬಿಡಮ್ಮ,” ಎಂದ ಮಗ. ಆದರೆ ಆ ಪುಸ್ತಕದ ಚಿತ್ರಗಳನ್ನು ಕಳಿಸುವ ಗಡುವು ಹತ್ತಿರವಾಗಿತ್ತು, ತಿಂಗಳುಗಳ ಆಯಾಸ ಮೈಯಲ್ಲಿ ಸೇರಿತ್ತು. ಬೆನ್ನು ತಿರುಗಿಸಿ ನಿಂತವನ ಬಾಯಿಂದ ಇನ್ನೊಂದು ಮಾತೂ ಜಾರಿಬಿಟ್ಟಿತು. “ಸ್ವಲ್ಪ ದಿನ ಆ ಕೈನ ಮಡಿಲಲ್ಲೇ ಇಟ್ಕೊಂಡಿರಮ್ಮ, ದಮ್ಮಯ್ಯ.”



ಅಮ್ಮ ಎಡಗೈಯಿಂದ ಬಲಗೈಯನ್ನು ಎತ್ತಿ, ಹೊದ್ದಿದ್ದ ಶಾಲಿನೊಳಗೆ ಇಟ್ಟುಕೊಂಡರು. ತಪ್ಪು ಮಾಡಿದ ಮಗುವನ್ನು ಒಳಗೆ ಕಳಿಸುವ ಹಾಗೆ.

ಬೆರಳಮ್ಮ ಚೀಲ ಹೆಗಲಿಗೇರಿಸಿ ಹೊರಟುಬಂದಳು. ಒಂದೂ ಮಾತಾಡದೆ!

ಮನೆಯಲ್ಲಿ ಅಕ್ಕನ ಮುಂದೆ ಎಲ್ಲ ಹೇಳಿ ಅತ್ತಳು. ಅಕ್ಕ ಸಮಾಧಾನ ಮಾಡುವ ಪೈಕಿಯವಳಲ್ಲ. “ಒಡೆದದ್ದು ಪರದೆ. ನಿನ್ನ ಬಾಯಿಗೇನಾಗಿತ್ತೇ?”

“ಅಷ್ಟು ನಂಬಿದ್ದಾರೆ ಅಕ್ಕ... ಆ ನಂಬಿಕೆ ಹೋಗಿಬಿಟ್ರೆ ಅನ್ನೋ ಭಯ.”

“ಈಗ ಏನು ಉಳೀತು? ಅವರ ನಂಬಿಕೆ ಉಳೀತು, ನಿನ್ನ ಯೋಗ್ಯತೆ ಹೋಯ್ತು.”



ಮರುದಿನ ಹೋದಾಗ ಅವನು ಲ್ಯಾಪ್‌ಟಾಪಿಗೆ ವೈರು ಸಿಕ್ಕಿಸಿ ಟೀವಿಯಲ್ಲಿ ಕೆಲಸ ಮಾಡುತ್ತಿದ್ದ. ಚಿತ್ರಗಳು ಒಂದೂ ಹೋಗಿರಲಿಲ್ಲ; ಕಣ್ಣು ಮಾತ್ರ ಹೋಗಿತ್ತು ಯಂತ್ರಕ್ಕೆ. ಅಮ್ಮನ ಧಾರಾವಾಹಿಯ ಜಾಗದಲ್ಲಿ ಗೋಡೆಯಗಲದ ಕರಡಿ ಕೂತಿತ್ತು.

“ಅಂಗಡಿಗೆ ಕೊಟ್ರೆ ವಾರಗಟ್ಟಲೆ ಇಟ್ಕೊಳ್ತಾರಂತೆ. ಕೆಲಸ ಮುಗಿಯೋವರೆಗೂ ಹೀಗೇ,” ಎಂದ.

“ಅಮ್ಮಾ, ಬೆರಳು...” ಅವಳು ಮೇಜಿನ ಮೇಲೆ ಡಬ್ಬಿ ಇಟ್ಟಳು.

ಅಮ್ಮ ತಲೆಯಾಡಿಸಿದರು. ಕೈ ಶಾಲಿನಿಂದ ಹೊರಗೆ ಬರಲಿಲ್ಲ.

“ಬೇಡಮ್ಮ. ಇನ್ನೇನಾದ್ರೂ ಬೀಳಿಸುತ್ತೆ. ಇದ್ದಲ್ಲೇ ಇರ್ಲಿ.”

ಅದರ ಮರುದಿನವೂ ಇಲ್ಲ. ಅದರ ಮರುದಿನವೂ ಇಲ್ಲ. ಅವಳು ಶಾಲಿನೊಳಗೆ ಕೈ ಹಾಕಿ ಹಿಡಿದು ನೋಡಿದಾಗ ಬೆರಳುಗಳು ಮತ್ತೆ ಮುಷ್ಟಿ ಕಟ್ಟಿಕೊಳ್ಳತೊಡಗಿದ್ದವು! ತಾನೇ ಬಿಡಿಸಿದ ಬೆರಳುಗಳು... ತನ್ನದೇ ಮೌನಕ್ಕೆ ಮುದುಡಿದ ಬೆರಳುಗಳು!

‘ಪರದೆ ಸರಿಹೋದರೆ ಎಲ್ಲಾ ಸರಿಹೋಗಬಹುದು,’ ಎಂದು ತನಗೆ ತಾನೇ ಆಸೆ ಹುಟ್ಟಿಸಿಕೊಂಡಳು.

“ನಾನೇ ಬದಲಾಯಿಸಿ ಕೊಡ್ಲಾ?” ಎಂದು ಕೇಳಿದಳು.

ಚಿತ್ರಗಾರ ಬೆರಗಾದ. “ನಿಮಗೆ ಬರುತ್ತಾ?”

“ಬರಲ್ಲ. ಕಲೀತೀನಿ. ಬೆರಳಿನ ಕೆಲಸ ತಾನೇ?”

ಅವನ ಮುಖದಲ್ಲಿ ಎಂಥ ಕೃತಜ್ಞತೆ! ಆ ನೋಟ ಅವಳ ಮೈಮೇಲೆ ಕೆಂಡದ ಹಾಗೆ ಬಿತ್ತು.

ಕ್ಲಿನಿಕ್ಕಿನ ಮೂಲೆಯಲ್ಲಿ ಧೂಳು ಹಿಡಿದಿದ್ದ ಕೆಟ್ಟ ಲ್ಯಾಪ್‌ಟಾಪೊಂದನ್ನು ಕೇಳಿ ತಂದು, ವೀಡಿಯೋ ನೋಡಿ ನೋಡಿ ಬಿಚ್ಚಿದಳು, ಕೂಡಿಸಿದಳು. ಮೊದಲ ಸಲ ಚೌಕಟ್ಟೇ ಮುರಿಯಿತು. ಎರಡನೆಯ ಸಲ ಒಂದು ಸ್ಕ್ರೂ ಸೋಫಾದ ಅಡಿ ಸೇರಿತು. ಅಕ್ಕ ಬೈಯುತ್ತಲೇ ಟಾರ್ಚು ಹಿಡಿದಳು. ಆಮೇಲೆ ಚಿತ್ರಗಾರನ ಲ್ಯಾಪ್‌ಟಾಪನ್ನು ಬಿಚ್ಚಿ, ಪರದೆಯ ಬೆನ್ನಿನ ಮೇಲಿದ್ದ ನಂಬರಿನ ಫೋಟೋ ತೆಗೆದು, ಅದೇ ನಂಬರಿನ ಪರದೆಗೆ ಹೇಳಿಕಳಿಸಿದಳು.

ಪರದೆ ಬರುವ ಹಿಂದಿನ ದಿನ ಅವನು ಅವಳನ್ನು ಬೀಳ್ಕೊಡಲು ಮೆಟ್ಟಿಲಿಳಿದು ಬಂದ.

“ನಿಮ್ಮ ಹತ್ರ ಒಂದು ವಿಷಯ ಮಾತಾಡಬೇಕು,” ಎಂದ. “ಸಂಬಂಧವಿಲ್ಲದ ಮನೆಗೆ ಇಷ್ಟೆಲ್ಲ ಮಾಡ್ತೀರಿ. ನಿಮ್ಮಷ್ಟು ನಿರ್ಮಲ ಮನಸ್ಸು ನಾನು ನೋಡಿಲ್ಲ. ನನಗೆ ನಿಮ್ಮ ಮೇಲೆ...”

“ಬೇಡ!” ಅವಳು ಬಹುತೇಕ ಕೂಗಿದಳು. “ದಯವಿಟ್ಟು... ಏನೂ ಹೇಳಬೇಡಿ.”

ತಿರುಗಿ ನೋಡದೆ ಓಡಿಹೋದಳು. ಅವನು ಕೆಳಗಿನ ಮೆಟ್ಟಿಲ ಮೇಲೆ ಹಾಗೆಯೇ ನಿಂತುಬಿಟ್ಟ. ‘ಅವರಿಗೆ ನನ್ನ ಮೇಲೆ ಮನಸ್ಸಿಲ್ಲ. ಬರೀ ಕರುಣೆ ಇರಬೇಕು,’ ಎಂದುಕೊಂಡ ಪಾಪ!

ಅವಳಿಗೋ, ಅರ್ಧಕ್ಕೇ ನಿಂತ ಆ ಮಾತು ದಾರಿಯುದ್ದಕ್ಕೂ ಕಾಲಿಗೆ ತೊಡರುತ್ತಿತ್ತು. ಜೀವನದಲ್ಲಿ ಕೇಳಬೇಕೆಂದಿದ್ದ ಒಂದೇ ಮಾತು... ಕೇಳುವ ಯೋಗ್ಯತೆ ತನಗಿಲ್ಲವಲ್ಲ!

ಮರುದಿನ ಬೆಳಿಗ್ಗೆ ಊಟದ ಮೇಜಿನ ಮೇಲೆ ದಪ್ಪ ಟವೆಲು ಹಾಸಿದಳು. ಚಿತ್ರಗಾರ ಎದುರಿಗೆ ಬಾರದೆ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ. ಅಮ್ಮ ಮೇಜಿನ ಪಕ್ಕ ಕೂತಿದ್ದರು, ಶಾಲು ಹೊದ್ದು.

ವೈರು ಕಿತ್ತಳು. ಬ್ಯಾಟರಿ ತೆಗೆದಳು. ತೆಳ್ಳನೆಯ ಪ್ಲಾಸ್ಟಿಕ್ ಚೂರನ್ನು ಚೌಕಟ್ಟಿನ ಸಂದಿಗೆ ತೂರಿಸಿ ಸುತ್ತಲೂ ಸರಿಸಿದಳು. ಕಟ್, ಕಟ್, ಕಟ್ ಎಂದು ಅದು ಬಿಟ್ಟುಕೊಂಡಿತು. ಸಾಸಿವೆಯಷ್ಟು ಸಣ್ಣ ಸ್ಕ್ರೂಗಳನ್ನು ಬಿಚ್ಚಿ ತಟ್ಟೆಗೆ ಹಾಕಿದಳು. ಒಡೆದ ಪರದೆಯನ್ನು ಮುಂದಕ್ಕೆ ಬಾಗಿಸಿ, ಬೆನ್ನಿನ ಟೇಪು ಸುಲಿದು, ಪಟ್ಟಿಯಂಥ ವೈರನ್ನು ಉಸಿರು ಬಿಗಿಹಿಡಿದು ಬಿಡಿಸಿದಳು. ಹೊಸ ಪರದೆಗೆ ಅದೇ ವೈರು ಕೂಡಿಸಿದಳು. ಜಾಗದಲ್ಲಿ ನಿಲ್ಲಿಸಿದಳು.

ಇನ್ನು ಸ್ಕ್ರೂ.

“ಅಮ್ಮಾ, ಒಂದೊಂದೇ ಸ್ಕ್ರೂ ಎತ್ತಿ ಕೊಡ್ತೀರಾ?” ಮೆಲ್ಲಗೆ ಕೇಳಿದಳು. “ನಿಮ್ಮ ಬಲಗೈಲಿ.”

“ಬೇಡ ಕಣಮ್ಮ.”

“ಒಂದೇ ಒಂದು...”

“ಬೇಡ ಅಂದ್ನಲ್ಲ!” ಅಮ್ಮನ ಕಣ್ಣು ತುಂಬಿಬಂತು. “ಅದು ಒಡೆಯೋ ಕೈ. ಅವನು ದುಡಿಯೋ ಸಾಮಾನು ಅದು. ಹೊಸದನ್ನೂ ಹಾಳು ಮಾಡಿದ್ರೆ? ಮಗನಿಗೆ ಭಾರವಾಗಿ ಕೂತಿರೋದೇ ಸಾಕು ನಾನು...”

ಬೆರಳಮ್ಮ ಸ್ಕ್ರೂಡ್ರೈವರು ಕೆಳಗಿಟ್ಟಳು.

ಏನು ಬದಲಾಯಿಸಿದರೂ, ಎಷ್ಟು ಚೆನ್ನಾಗಿ ಕೂರಿಸಿದರೂ, ಆ ಶಾಲಿನೊಳಗಿನ ಕೈ ಹೊರಗೆ ಬರುವುದಿಲ್ಲ! ಅದಕ್ಕೆ ಬೇಕಾದದ್ದು ಒಂದೇ ಮಾತು. ಅದು ತನ್ನ ಗಂಟಲಲ್ಲೇ ಕೊಳೆಯುತ್ತ ಬಿದ್ದಿದೆ.

ಅವಳು ಕುರ್ಚಿಯಿಂದಿಳಿದು ಅಮ್ಮನ ಮಂಡಿಯ ಬಳಿ ನೆಲದ ಮೇಲೆ ಕೂತಳು.

“ಅಮ್ಮಾ... ನಿಮ್ಮ ಕೈ ಅಲ್ಲ ಒಡೆದದ್ದು. ನಾನು. ನೀವು ತೂಕಡಿಸ್ತಿದ್ರಿ. ಕ್ಲಿಪ್ಪು ಇದೆ ಅಂತ ನೋಡದೆ ಮುಚ್ಚಳ ಒತ್ತಿಬಿಟ್ಟೆ. ಒಡೆದದ್ದು ಗೊತ್ತಾದ ಮೇಲೂ ಸುಮ್ಮನಿದ್ದೆ. ನೀವು ‘ನಾನೇ’ ಅಂದಾಗಲೂ ಸುಮ್ಮನಿದ್ದೆ...” ಮುಂದಿನ ಮಾತು ಬಿಕ್ಕಿನಲ್ಲಿ ಮುಳುಗಿತು.



ಅಮ್ಮ ಅವಳ ಕಡೆ ಬಾಗಿದರು.

“ನನ್ನ ಕೈ ಅಲ್ವಾ?”

“ಅಲ್ಲಮ್ಮ.”

“ನಿಜವಾಗ್ಲೂ ಅಲ್ವಾ?”

“ನಿಮ್ಮ ಕೈ ಏನೂ ತಪ್ಪು ಮಾಡಿಲ್ಲ!”

ಶಾಲು ಅಲುಗಿತು. ಒಳಗಿನಿಂದ ಆ ಕೈ ಹೊರಗೆ ಬಂತು... ನಡುಗುತ್ತ, ಸೊರಗಿ, ನಾಚಿಕೊಂಡು. ಅಮ್ಮ ಅದನ್ನು ಬೆಳಕಿಗೆ ಎತ್ತಿ ಹಿಡಿದು ಮಗುವಿನಂತೆ ಕೂಗಿದರು: “ಕೇಳಿದ್ಯೇನೋ? ನನ್ನ ಕೈ ಅಲ್ವಂತೆ ಕಣೋ!”

ಚಿತ್ರಗಾರ ಬಂದು ಅಮ್ಮನ ಆ ಕೈಗೆ ಹಣೆ ಹಚ್ಚಿದ. ಆಮೇಲೆ ಬೆರಳಮ್ಮನ ಕಡೆ ನೋಡಿದ. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ಅವಳು ಸಹಿಸಿಕೊಳ್ಳುತ್ತಿದ್ದಳು. ಆದರೆ ಅವನು ಅಪರಿಚಿತರನ್ನು ನೋಡುವಂತೆ ನೋಡಿದ!

“ದಿನಾ ಬರ್ತಿದ್ರಿ,” ಎಂದ ತಣ್ಣಗೆ. “ಈ ಕೈ ಮುದುಡೋದನ್ನ ದಿನಾ ನೋಡಿದ್ರಿ.”

“ಹೌದು.”

ಅವನು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ಅವಳು ಎದ್ದು ಚೀಲ ಹುಡುಕತೊಡಗಿದಳು. ಅಮ್ಮನ ಸ್ವರ ತಡೆಯಿತು. “ಅರ್ಧ ಬಿಚ್ಚಿಟ್ಟು ಎಲ್ಲಿಗೆ ಹೊರಟೆ? ಕೂತ್ಕೋ. ನನಗೂ ಸಿಟ್ಟು ಬಂದಿದೆ, ಆಮೇಲೆ ಬೈತೀನಿ. ಈಗ ಹಿಡಿ.”

ಸೋತ ಎರಡು ಬೆರಳುಗಳ ನಡುವೆ ಒಂದು ಸ್ಕ್ರೂ ಮಿನುಗುತ್ತಿತ್ತು.

ಒಂದು ಬಿತ್ತು, ಮತ್ತೆ ಎತ್ತಿದರು. ಇನ್ನೊಂದು ಟವೆಲಿನ ಎಳೆಯಲ್ಲಿ ಅಡಗಿತು, ಹುಡುಕಿದರು. ಕಣ್ಣೊರೆಸಿಕೊಳ್ಳುತ್ತ ಅವಳು ಬಿಗಿಗೊಳಿಸಿದಳು. ಚೌಕಟ್ಟು ಒತ್ತಿ ಕೂರಿಸಿ, ಬ್ಯಾಟರಿ ಹಾಕಿ ಗುಂಡಿ ಅದುಮಿದಾಗ ಪರದೆ ಬೆಳಗಿತು. ಅಮ್ಮ ಮೇಜು ತಟ್ಟಿದರು, ಬಲಗೈಯಿಂದಲೇ!

ಕೋಣೆಯ ಬಾಗಿಲು ಮಾತ್ರ ತೆರೆಯಲಿಲ್ಲ.

ಅಂದೇ ಅವಳು ಕ್ಲಿನಿಕ್ಕಿನ ಹಿರಿಯ ಡಾಕ್ಟರಿಗೆ ನಡೆದದ್ದೆಲ್ಲ ಹೇಳಿ, ಆ ಮನೆಗೆ ಬೇರೆಯವರನ್ನು ಕಳಿಸಲು ಕೇಳಿಕೊಂಡಳು. ದಿನಗಳು ಉರುಳಿದವು. ಯಾರದೋ ಮೊಣಕಾಲು, ಯಾರದೋ ಭುಜ... ಕೆಲಸ ನಡೆಯುತ್ತಿತ್ತು. ಮನಸ್ಸು ಮಾತ್ರ ಆ ಊಟದ ಮೇಜಿನ ಬಳಿಯೇ ಕೂತಿರುತ್ತಿತ್ತು.

ಒಂದು ಬೆಳಿಗ್ಗೆ ಕ್ಲಿನಿಕ್ಕಿನ ಓಣಿಯಲ್ಲಿ, ಸಾಲು ಕುರ್ಚಿಗಳ ಕೊನೆಯಲ್ಲಿ ಅವನು ಕೂತಿದ್ದ. ಗಡ್ಡ ತೆಗೆದಿದ್ದ, ಮೊದಲಿಗೆ ಗುರುತೇ ಸಿಗಲಿಲ್ಲ.

“ಅಮ್ಮ... ಅಮ್ಮ ಚೆನ್ನಾಗಿದ್ದಾರಾ?”

“ಕೆಳಗೆ ಕೂತಿದ್ದಾರೆ. ನಡ್ಕೊಂಡೇ ಬಂದ್ರು. ನಿಮ್ಮ ಬದಲು ಬರ್ತಿರೋರ ಮೇಲೆ ದೂರು ಕೊಡಬೇಕಂತೆ.”

“ಯಾಕೆ? ಸರಿಯಾಗಿ ಮಾಡಿಸ್ತಿಲ್ವಾ?”

“ಮಾಡಿಸ್ತಾರೆ. ಆದ್ರೆ ಗದರೋದೇ ಇಲ್ಲವಂತೆ.”

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ತಲೆ ತಗ್ಗಿಸಿದಳು. “ನಾನು ಮಾಡಿದ್ದಕ್ಕೆ ಕ್ಷಮೆ ಕೇಳೋಕೂ ಮುಖ ಇಲ್ಲ ನನಗೆ.”

“ನನ್ನ ಕಥೆ ಕೇಳಿ,” ಎಂದ ಅವನು. “ಅವತ್ತು ಬಾಗಿಲು ಹಾಕಿಕೊಂಡಾಗ ಸಿಟ್ಟೆಲ್ಲ ನಿಮ್ಮ ಮೇಲೇ ಇತ್ತು. ಆಮೇಲೆ ಯೋಚನೆ ಬಂತು. ನೀವು ಸುಮ್ಮನಿದ್ರಿ, ನಿಜ. ಆದ್ರೆ ಕೈನ ಮಡಿಲಲ್ಲಿ ಇಟ್ಕೋ ಅಂದವನು ಯಾರು? ನಾನು! ಹೆತ್ತ ಮಗ! ಅಮ್ಮ ಕೈ ಬಚ್ಚಿಟ್ಕೊಂಡದ್ದು ನನ್ನ ಮಾತಿಗೆ. ಪರದೆ ಒಡೆದದ್ದು ನೆಪ ಅಷ್ಟೇ. ನೀವಾದ್ರೂ ನೆಲದ ಮೇಲೆ ಕೂತು ಹೇಳಿದ್ರಿ. ನನಗೆ ಅಮ್ಮನ ಹತ್ರ ‘ತಪ್ಪಾಯ್ತು’ ಅನ್ನೋಕೆ ಇಷ್ಟು ದಿನ ಬೇಕಾಯ್ತು. ನಿನ್ನೆ ಹೇಳಿದೆ.”

“ಏನಂದ್ರು?”

“ತಲೆ ಮೇಲೊಂದು ಕೊಟ್ರು.” ಅವನ ಕಣ್ಣು ಹೊಳೆಯಿತು. “ಬಲಗೈಲಿ.”

ಓಣಿಯಲ್ಲಿ ಯಾರೋ ಊರುಗೋಲು ಊರುತ್ತ ಹಾದುಹೋದರು. ಇಬ್ಬರೂ ಸರಿದು ದಾರಿ ಬಿಟ್ಟರು. ಸರಿದಾಗ ಇನ್ನಷ್ಟು ಹತ್ತಿರವಾದರು.

“ಅವತ್ತು ಮೆಟ್ಟಿಲ ಹತ್ರ ನನ್ನ ಮಾತು ಮುಗಿಸೋಕೆ ಬಿಡಲಿಲ್ಲ ನೀವು. ನನ್ನ ಮೇಲೆ ಮನಸ್ಸಿಲ್ಲ ಅಂತ ತಿಳ್ಕೊಂಡಿದ್ದೆ.”

“ಮನಸ್ಸಿತ್ತು... ಅದಕ್ಕೇ ಓಡಿಹೋದೆ. ನೀವು ನಿರ್ಮಲ ಅಂದ್ರಿ. ಆ ಮಾತು ಹೊತ್ತುಕೊಂಡು ನಿಂತಿರೋಕೆ ಆಗಲಿಲ್ಲ.”

“ಸರಿ. ಆ ಮಾತು ವಾಪಸ್ ತಗೊಂಡೆ. ನೀವು ಏನಿದ್ದೀರೋ ಹಾಗೇ ಬೇಕು ನನಗೆ. ನನ್ನ ಜೊತೆ ಇರ್ತೀರಾ?”

ಕಣ್ಣೀರು ಕೆನ್ನೆಗಿಳಿಯಿತು. ಅವಳು ಒರೆಸಿಕೊಳ್ಳಲಿಲ್ಲ. “ನಂಬಿಕೆ ಒಂದೇ ದಿನಕ್ಕೆ ವಾಪಸ್ ಬರಲ್ಲ.”

“ಗೊತ್ತು.”

“ನೋವಾಗುತ್ತೆ.”

“ಆಗ್ಲಿ.”

“ಒಂದೊಂದು ದಿನ ಹಿಂದಕ್ಕೆ ಹೋದ ಹಾಗೆ ಅನ್ಸುತ್ತೆ. ಆಗ ಬಿಟ್ಟು ಹೋಗಬಾರದು.” ಹೊಸ ರೋಗಿಗಳಿಗೆಲ್ಲ ಮೊದಲ ದಿನ ಅವಳು ಹೇಳುವ ಮಾತುಗಳೇ ಇವು.

ಅವನು ಅಂಗೈ ಚಾಚಿದ. “ಹೋಗಲ್ಲ. ಎಲ್ಲಿಂದ ಶುರು ಮಾಡೋಣ ಹೇಳಿ.”

ಅವಳು ತನ್ನ ಕೈಯನ್ನು ಅದರಲ್ಲಿಟ್ಟಳು.

“ಮೊದಲು ಕೆಳಗೆ ಹೋಗೋಣ,” ಎಂದಳು. “ನನ್ನ ಅತ್ತೆ ಒಬ್ಬರೇ ಕೂತಿದ್ದಾರೆ.”